ಹುಳದ ಮನೆಯವರ ಓಟು

ಮನುಷ್ಯ ತನ್ನ ಮನಸ್ಸಿನಲ್ಲಿ ಇರುವುದನ್ನು ಇದ್ದ ಹಾಗೆ ಅಪರಿಚಿತನಿಗೆ ಹೇಳುವುದು ಬಸ್ಸಿನಲ್ಲಿ ಮಾತ್ರ. ಅದೂ ಇಬ್ಬರಲ್ಲೊಬ್ಬರು ಮುಂದಿನ ಸ್ಟಾಪಿನಲ್ಲಿ ಇಳಿಯುವವರಾಗಿದ್ದರೆ. ಮನೆಯ ಬಾಗಿಲಲ್ಲಿ ನಿಂತು, ಕೈಯಲ್ಲೊಂದು ಕಾಗದ ಹಿಡಿದು, "ನಿಮ್ಮ ಓಟು ಯಾರಿಗೆ?" ಎಂದು ಕೇಳುವವನಿಗೆ ಸಿಗುವುದು ಉಪಚಾರ. ಬಿಸಿಲಲ್ಲಿ ಬಂದವನಿಗೆ ಒಂದು ಚೊಂಬು ನೀರು ಕೊಡುತ್ತಾರಲ್ಲ, ಹಾಗೆಯೇ ಒಂದು ಹೆಸರನ್ನೂ ಕೊಟ್ಟು ಕಳಿಸುತ್ತಾರೆ. ಕುಡಿದವನು ಅದು ಯಾವ ಬಾವಿಯ ನೀರು ಎಂದು ವಿಚಾರಿಸಬಾರದು.

ಈಗ ಚುನಾವಣೆ ಬಂತೆಂದರೆ ಟಿ.ವಿ.ಯಲ್ಲಿ ಬಣ್ಣಬಣ್ಣದ ಕಂಬಗಳು ಎದ್ದು ನಿಲ್ಲುತ್ತವೆ. ಇವರಿಗೆ ಇಷ್ಟು ಸೀಟು, ಅವರಿಗೆ ಅಷ್ಟು ಸೀಟು, ಮಿಕ್ಕವರಿಗೆ ಉಳಿದದ್ದು. ನಮ್ಮ ಆಫೀಸಿನಲ್ಲಿ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಅದೇ ಮಾತು. "ಅವೆಲ್ಲ ದುಡ್ಡು ತಗೊಂಡು ಬರೆಯೋದು ಕಣ್ರೀ" ಎಂದು ಒಬ್ಬರು. "ಇಲ್ಲ, ಅದು ವಿಜ್ಞಾನ, ಅನ್ನ ಬೆಂದಿದೆಯಾ ಅಂತ ನೋಡೋದಕ್ಕೆ ಒಂದು ಅಗುಳು ಹಿಚುಕಿದರೆ ಸಾಕಲ್ಲ" ಎಂದು ಇನ್ನೊಬ್ಬರು. ನಾನು ಚಿತ್ರಾನ್ನದಲ್ಲಿ ಕಡಲೆಬೀಜ ಹುಡುಕುತ್ತಾ ಸುಮ್ಮನಿರುತ್ತೇನೆ. ಪದವೀಧರನಾಗಿ ನನಗೊಂದು ಅಭಿಪ್ರಾಯ ಇರಲೇಬೇಕೆಂದು ಅವರು ಕೇಳಿದರೂ ಬಾಯಿ ಬಿಡುವುದಿಲ್ಲ. ಕಾರಣ ಇಷ್ಟೆ: ಅಂಥ ಕಂಬವೊಂದನ್ನು ಒಂದು ಸಲ ನಾನೇ ನಿಲ್ಲಿಸಿದ್ದೆ. ದುಡ್ಡು ತಿಂದು ನಿಲ್ಲಿಸಿದ್ದಲ್ಲ, ಬಹಳ ಪ್ರಾಮಾಣಿಕವಾಗಿಯೇ ನಿಲ್ಲಿಸಿದ್ದು. ನಾನು ಸ್ವಲ್ಪ ಕಡಿಮೆ ಪ್ರಾಮಾಣಿಕನಾಗಿದ್ದರೆ ಅದು ಅಷ್ಟು ಎತ್ತರಕ್ಕೆ ಏಳುತ್ತಲೇ ಇರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಜಂಗಮಕೋಟೆಯ ಪಕ್ಕದ ನಮ್ಮೂರಿನ ಕೇರಿಯಲ್ಲಿ ಬಿ.ಎ. ಮಾಡಿದವನು ನಾನೊಬ್ಬನೇ. ನಮ್ಮಪ್ಪ ಬೇರೆಯವರ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ. ನಾನು ಚಿಕ್ಕಬಳ್ಳಾಪುರದ ಕಾಲೇಜಿಗೆ ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಸಿಕ್ಕ ಬಸ್ಸಿಗೆ ಬಂದು, ಬಸ್ಸು ಸಿಗದ ದಿನ ನಡೆದು, ಅಂತೂ ಪದವಿ ಮುಗಿಸಿದೆ. ಅದರಲ್ಲಿ ಸಂಖ್ಯಾಶಾಸ್ತ್ರದ ಪೇಪರನ್ನು ಮೂರನೆಯ ಸಲಕ್ಕೆ ಪಾಸು ಮಾಡಿದೆ. ಇದನ್ನು ನಾನು ಅವಮಾನವೆಂದು ಯಾವತ್ತೂ ಭಾವಿಸಲಿಲ್ಲ. ಮೊದಲ ಸಲಕ್ಕೇ ಪಾಸಾದವರು ಆ ಪುಸ್ತಕವನ್ನು ಒಂದು ಸಲ ಓದಿರುತ್ತಾರೆ, ನಾನು ಮೂರು ಸಲ ಓದಿದ್ದೇನೆ. ಇದು ನಾನು ಎಲ್ಲ ಸಂದರ್ಶನಗಳಲ್ಲೂ ಹೇಳಿದ ಮಾತು. ಆ ಕಾರಣಕ್ಕೋ ಏನೋ ಪದವಿ ಪಡೆದ ಮೇಲೆ ಮೂರು ವರ್ಷ ಕೆಲಸ ಸಿಗಲಿಲ್ಲ. ಉದ್ಯೋಗ ವಿನಿಮಯ ಕಚೇರಿಯ ಕಾರ್ಡು ಜೇಬಿನಲ್ಲಿ ಮಡಚಿ ಮಡಚಿ ನಾಲ್ಕು ತುಂಡಾಯಿತು.

ಅಂಥ ಹೊತ್ತಿನಲ್ಲಿ ಬೆಂಗಳೂರಿನ ಒಂದು ವಾರಪತ್ರಿಕೆಯವರು ಚುನಾವಣಾ ಸಮೀಕ್ಷೆಗೆ ಪದವೀಧರರು ಬೇಕೆಂದು ಪ್ರಕಟಣೆ ಕೊಟ್ಟರು. ಹೋದೆ. ಮೂರು ಸಲ ಓದಿದ ಮಾತು ಅಲ್ಲಿ ಕೆಲಸ ಮಾಡಿತು. ಸಂದರ್ಶನ ಮಾಡಿದ ಪ್ರಭಾಕರ್ ಎಂಬವರೇ ನಮಗೆ ಸೂಪರ್‌ವೈಸರ್. ಇಸ್ತ್ರಿ ಮಾಡಿದ ಅಂಗಿ, ಅದರಿಂದ ಹತ್ತಡಿ ದೂರಕ್ಕೆ ಬರುವ ಸೆಂಟಿನ ವಾಸನೆ. ಅವರು ಹೇಳಿದ್ದು ಸ್ಪಷ್ಟವಾಗಿತ್ತು. ಈಗ ಕೊಡುವುದು ಎರಡು ವಾರದ ತಾತ್ಕಾಲಿಕ ಕೆಲಸ. ಆದರೆ ಪತ್ರಿಕೆ ಇನ್ನು ಮುಂದೆ ಎಲ್ಲ ಚುನಾವಣೆಗೂ ಸಮೀಕ್ಷೆ ಮಾಡಲಿದೆ. ಯಾರ ತಾಲ್ಲೂಕಿನ ವರದಿ ಫಲಿತಾಂಶಕ್ಕೆ ಹತ್ತಿರ ಬರುತ್ತದೋ ಅಂಥ ಕೆಲವರನ್ನು ಖಾಯಂ ಮಾಡಿಕೊಳ್ಳುತ್ತಾರೆ. ಖಾಯಂ ಎಂಬ ಮಾತನ್ನು ಕೇಳಿದ ಮೇಲೆ ಅವರು ಹೇಳಿದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ. ಊರಿಗೆ ಬಂದು ಅಪ್ಪನಿಗೆ ಆ ಒಂದೇ ಮಾತು ಹೇಳಿದೆ. ಅವನು ಅದನ್ನು ತೋಟದಿಂದ ತೋಟಕ್ಕೆ ಸೊಪ್ಪಿನ ಮೂಟೆಯ ಜೊತೆ ಹೊತ್ತುಕೊಂಡು ಹೋಗಿ ಎಲ್ಲ ಕಡೆ ಇಳಿಸಿದ.

ಶಿಡ್ಲಘಟ್ಟ ತಾಲ್ಲೂಕಿಗೆ ಇಬ್ಬರು: ಪೇಟೆಗೆ ಇಲಿಯಾಸ್, ಹಳ್ಳಿಗಳಿಗೆ ನಾನು. ಇಲಿಯಾಸ್ ಪೇಟೆಯಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವವರ ಮನೆಯ ಮಗ, ಬಿ.ಕಾಂ. ಮಾಡಿದವನು. ಕೆಲಸ ಹೀಗಿತ್ತು: ಬೀದಿಯ ಮೊದಲ ಮನೆಯಿಂದ ಎಣಿಸಿ ಪ್ರತಿ ಐದನೆಯ ಮನೆಗೆ ಹೋಗಬೇಕು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಕ್ಕದ ಮನೆ. ಫಾರಂನಲ್ಲಿ ನಾಲ್ಕು ಸಾಲು: ಆಳುವ ಪಕ್ಷ, ವಿರೋಧ ಪಕ್ಷ, ಇತರೆ, ಹೇಳಲು ಇಷ್ಟವಿಲ್ಲ. ಇತರೆ ಎಂಬುದರ ಮುಂದೆ ಹೆಸರು ಬರೆಯಲು ಚುಕ್ಕಿಚುಕ್ಕಿಯ ಗೆರೆ. ಖಾಲಿ ಫಾರಂ ತಂದರೆ ತಿರಸ್ಕಾರ. ಪ್ರಶ್ನೆ ಕೇಳದೆ ಉತ್ತರ ಬರೆಯುವುದು ಮಹಾಪರಾಧ. ಈ ಕೊನೆಯ ಮಾತನ್ನು ಪ್ರಭಾಕರ್ ಎರಡು ಸಲ ಹೇಳಿದರು. ನಾನು ಎರಡು ಸಲವೂ ಬರೆದುಕೊಂಡೆ.

ಮೊದಲ ನಾಲ್ಕು ದಿನ ಕಳೆಯುವಷ್ಟರಲ್ಲಿ ನನಗೆ ಗೊತ್ತಾದದ್ದೆಂದರೆ, ನಾನು ಹಾಕಿಕೊಂಡ ಬಟ್ಟೆಗೂ ಜನರ ಅಭಿಪ್ರಾಯಕ್ಕೂ ಸಂಬಂಧ ಇದೆ ಎಂಬುದು. ಬಿಳಿ ಅಂಗಿ ಹಾಕಿಕೊಂಡು ಹೋದ ದಿನ ಆಳುವ ಪಕ್ಷ ಮುಂದೆ, ಬಣ್ಣದ ಅಂಗಿಯ ದಿನ ವಿರೋಧ ಪಕ್ಷ. ಪೆರೇಸಂದ್ರದ ಕಡೆಯಿಂದ ನಮ್ಮ ತಾಲ್ಲೂಕಿಗೆ ಬಂದು ಟೀ ಅಂಗಡಿ ಇಟ್ಟಿದ್ದ ಒಬ್ಬರು ನನ್ನ ಪ್ರಶ್ನೆ ಕೇಳಿ, ಸಕ್ಕರೆ ಕದಡುತ್ತಾ, "ನಿಮ್ ಮನ್ಸಲ್ಲಿ ಯಾರವ್ರೆ ಸಾರ್?" ಎಂದರು.

"ನನ್ನ ಮನಸ್ಸು ಬೇಡ ಯಜಮಾನ್ರೇ, ನಿಮ್ಮದು ಹೇಳಿ."

"ನಮ್ದೇನೈತೆ ಸಾರ್. ನೀವು ಓದಿದೋರು, ನೀವು ಹೇಳಿದ್ದಕ್ಕೆ ನಮ್ದೂ ಒಂದು. ಬರ್ಕೊಳಿ. ಟೀ ಸ್ಟ್ರಾಂಗಾ, ಲೈಟಾ?"

 ನಾನು "ಹೇಳಲು ಇಷ್ಟವಿಲ್ಲ" ಎಂಬುದಕ್ಕೆ ಗುರುತು ಹಾಕಿದೆ. ಅವರು ಎದುರಿಗೇ ಅಷ್ಟೊಂದು ಇಷ್ಟಪಟ್ಟು ಹೇಳುತ್ತಿದ್ದರೂ.

ನಿಜವಾದ ತೊಂದರೆ ಶುರುವಾದದ್ದು ಎರಡನೆಯ ವಾರ, ಜಂಗಮಕೋಟೆಯ ಸುತ್ತಿನ ಹಳ್ಳಿಗಳಿಗೆ ಬಂದಾಗ. ರೇಷ್ಮೆ ಹುಳ ಸಾಕುವ ಮನೆಯ ಶಿಸ್ತು ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಹುಳ ದೊಡ್ಡದಾಗಿ ಸೊಪ್ಪನ್ನು ಕರಕರ ತಿನ್ನುವ ಕೊನೆಯ ವಾರದಲ್ಲಿ ಆ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಅಂಟು ತಂದಾರೆಂದು ಹೆದರಿಕೆ, ದೃಷ್ಟಿ ತಗುಲೀತೆಂದು ಇನ್ನೂ ಹೆದರಿಕೆ. ನೆಂಟರು ಬಂದರೂ ಜಗಲಿಯಿಂದಲೇ ವಾಪಸ್ಸು. ಮನೆಯವರಿಗಂತೂ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಸೊಪ್ಪು ತರುವುದು, ಹಾಕುವುದು, ಹಿಕ್ಕೆ ತೆಗೆಯುವುದು, ಮತ್ತೆ ಸೊಪ್ಪು. ಅವರ ಬೆಳೆಯೆಲ್ಲ ಆ ಒಂದು ವಾರದ ಮೇಲೆ ನಿಂತಿರುತ್ತದೆ. ಹುಳ ಹಣ್ಣಾಗಿ, ಗೂಡು ಕಟ್ಟಲೆಂದು ಅದನ್ನು ಚಂದ್ರಿಕೆ ಎಂಬ ಬಿದಿರಿನ ಚಾಪೆಗೆ ಬಿಡುವವರೆಗೆ ಇದೇ ಪಾಡು. ನಾನು ಹೋದ ವಾರ ಸುತ್ತಮುತ್ತ ಎಲ್ಲ ಮನೆಗಳಲ್ಲೂ ಅದೇ ವಾರ. ಐದನೆಯ ಮನೆ ಎಂದು ಎಣಿಸಿಕೊಂಡು ಹೋಗಿ ನಿಂತರೆ, ಹೊಸಿಲಿಗೆ ಸುಣ್ಣದ ಪುಡಿ ಎರಚಿರುತ್ತಿತ್ತು, ಒಳಗಿನಿಂದ ಧ್ವನಿ ಮಾತ್ರ ಬರುತ್ತಿತ್ತು: "ಹುಳ ಐತೆ, ಹೋಗಿ."

ಇಲ್ಲಿ ನನ್ನದೇ ಒಂದು ಸಂಕಟವನ್ನೂ ಹೇಳಿಬಿಡುತ್ತೇನೆ. ಕೇರಿಯಲ್ಲಿ ಹುಟ್ಟಿದವನಿಗೆ ಹೊಸಿಲಾಚೆಯಿಂದ "ಹೋಗಿ" ಎಂಬ ಮಾತು ಹೊಸದಲ್ಲ. ಹುಳ ಇಲ್ಲದ ಕಾಲದಲ್ಲೂ ಅದನ್ನು ಕೇಳಿದ್ದೇನೆ. ಹಾಗಾಗಿ ಈ "ಹೋಗಿ" ಹುಳದ್ದೋ ನನ್ನದೋ ಎಂದು ಪ್ರತಿ ಬಾಗಿಲಲ್ಲೂ ಅನುಮಾನ. ಇಡೀ ತಾಲ್ಲೂಕಿನ ಮನಸ್ಸು ತಿಳಿಯಲು ಹೊರಟವನಿಗೆ ಎದುರು ಬಾಗಿಲಿನ ಒಂದು ಮಾತಿನ ಅರ್ಥ ತಿಳಿಯುತ್ತಿರಲಿಲ್ಲ. ಫಾರಂನಲ್ಲಿ ಇದಕ್ಕೂ ಸಾಲಿರಲಿಲ್ಲ.

ಸಂಜೆ ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ಇಲಿಯಾಸನಿಗೆ ಹೇಳಿಕೊಂಡೆ. ಅವನು ನಕ್ಕ.

"ಅರೇ ಭಾಯ್, ಪಕ್ಕದ ಮನೆಗೆ ಹೋಗೋದಪ್ಪ. ರೂಲ್ಸಲ್ಲೇ ಐತಲ್ಲ."

"ರೂಲ್ಸಲ್ಲಿ ಇರೋದು ಮನೇಲಿ ಯಾರೂ ಇಲ್ಲದಿದ್ದರೆ ಅಂತ. ಇಲ್ಲಿ ಎಲ್ಲರೂ ಇದ್ದಾರೆ. ಹುಳ ಬೇರೆ ಇದೆ."

"ಹುಳಕ್ಕೆ ಓಟಿಲ್ಲ, ಬಿಡು."

"ಇಲಿಯಾಸ್, ಯೋಚನೆ ಮಾಡು. ಪಕ್ಕದ ಮನೆ ಅಂದ್ರೆ ಹುಳ ಇಲ್ಲದ ಮನೆ. ಹುಳ ಇಲ್ಲದ ಮನೆ ಅಂದ್ರೆ ತೋಟ ಇಲ್ಲದ ಮನೆ, ಇಲ್ಲ ಬೆಳೆ ಹಾಳಾದ ಮನೆ. ಅವರನ್ನೇ ಕೇಳಿಕೊಂಡು ಬಂದ್ರೆ, ಈ ತಾಲ್ಲೂಕಲ್ಲಿ ಹುಳ ಸಾಕೋರು ಒಬ್ಬರೂ ಇಲ್ಲ ಅಂತ ವರದಿ ಕೊಟ್ಟ ಹಾಗಲ್ವಾ? ಶಿಡ್ಲಘಟ್ಟದಲ್ಲಿ."

ಇಲಿಯಾಸ್ ನನ್ನ ಮುಖ ನೋಡಿದ. "ನೀನು ಮೂರು ಸಲ ಓದಬಾರದಿತ್ತು ಮುನಿರಾಜ್. ಒಂದು ಸಲ ಓದಿ ಬಿಟ್ಟಿದ್ರೆ ಆರಾಮಾಗಿರ್ತಿದ್ದೆ."

ಅವನ ಮಾತು ಕೇಳಬಹುದಿತ್ತು. ಕೇಳಿದ್ದರೆ ಇವತ್ತು ಈ ಪ್ರಬಂಧ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಆದರೆ ನಾನು ಕಷ್ಟಪಟ್ಟು ಓದಿದವನು. ಕಷ್ಟಪಟ್ಟು ಓದಿದವರಲ್ಲಿ ಒಂದು ದೋಷವಿರುತ್ತದೆ, ಓದಿದ್ದನ್ನು ನಂಬಿಬಿಡುತ್ತೇವೆ. ಮನೆಯಲ್ಲಿ ನಾಲ್ಕು ತಲೆಮಾರು ಓದಿದವರಿದ್ದರೆ ಅವರಲ್ಲಿ ಯಾರಾದರೂ "ಪರೀಕ್ಷೆ ಮುಗಿದ ಮೇಲೆ ಮರೆತುಬಿಡು ಮಗಾ" ಎಂದು ಹೇಳಿಕೊಡುತ್ತಾರೆ. ನನಗೆ ಹೇಳಿಕೊಡಲು ಯಾರೂ ಇರಲಿಲ್ಲ.

ಎರಡು ದಿನ ಬಿಟ್ಟು ಪ್ರಭಾಕರ್ ಬಾಡಿಗೆ ಕಾರಿನಲ್ಲಿ ತಪಾಸಣೆಗೆ ಬಂದರು. ನನ್ನ ಚೀಲದಲ್ಲಿ ಖಾಲಿ ಫಾರಂಗಳ ಕಟ್ಟು ನೋಡಿ ಸಿಟ್ಟಾದರು. "ಕೇಳೋ ರೀತಿಯಲ್ಲಿ ಕೇಳಬೇಕು ರೀ. ಕಾನ್ಫಿಡೆನ್ಸ್ ಬೇಕು. ಬನ್ನಿ, ನಾನು ತೋರಿಸ್ತೀನಿ" ಎಂದರು. ಹತ್ತಿರವಿದ್ದದ್ದು ತೋಟದ ಮನೆ ಗೌರಮ್ಮನವರ ಮನೆ. ನಮ್ಮಪ್ಪ ಸೊಪ್ಪು ಕೊಯ್ಯುತ್ತಿದ್ದದ್ದು ಅವರ ತೋಟದಲ್ಲೇ. ಪ್ರಭಾಕರ್ ಸಿಗರೇಟು ಆರಿಸಿ, ಕಾಲರು ಸರಿಮಾಡಿಕೊಂಡು, ಹೊಸಿಲಿನ ಸುಣ್ಣದ ಮೇಲೆ ಬೂಟುಗಾಲಿಟ್ಟು, "ನಮಸ್ಕಾರಮ್ಮ" ಎಂದರು.

ಒಳಗಿನಿಂದ ಗೌರಮ್ಮ ಬರುವುದಕ್ಕೆ ಮೊದಲೇ ಅವರ ಧ್ವನಿ ಬಂತು. "ಅಯ್ಯೋ, ಯಾವನಯ್ಯ ಅವನು ಸೆಂಟು ಹಾಕ್ಕೊಂಡು ಬಂದಿರೋನು? ಹುಳ ಸೊಪ್ಪು ಬಿಟ್ಟುಬಿಡ್ತವೆ. ಕಾಲ್ ತೆಗಿ ಆಚೆಗೆ."

"ಅಮ್ಮಾ, ನಾವು ಪತ್ರಿಕೆಯಿಂದ..."

"ಎಲ್ಲಿಂದಾನ ಬಾ. ಬೀಡಿ ಬೇರೆ ಸೇದವ್ನೆ." ಕೈಯಲ್ಲಿ ಸೊಪ್ಪಿನ ಕಡ್ಡಿ ಹಿಡಿದುಕೊಂಡೇ ಗೌರಮ್ಮ ಬಾಗಿಲಿಗೆ ಬಂದರು. ನನ್ನನ್ನು ನೋಡಿ ಗುರುತು ಹಿಡಿದರು. "ಏನೋ ಮುನಿರಾಜ, ನಿಂಗಾದ್ರೂ ಬುದ್ಧಿ ಬೇಡ್ವೇನಪ್ಪ? ನಾಡಿದ್ದು ಹಣ್ಣಾಗ್ತವೆ. ಚಂದ್ರಿಕೆಗೆ ಬಿಟ್ಟಮೇಲೆ ಬಾ, ಕೂತ್ಕೊಂಡು ಮಾತಾಡಣ. ಈಗ ಇವನ್ನ ಕರ್ಕೊಂಡು ಹೋಗು."

ಸೂಪರ್‌ವೈಸರ್ ಬೀದಿಗೆ ಬಂದು ಬೂಟು ಝಾಡಿಸಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ, ದುಃಖದಿಂದ ಎಂದು ಅವರು ತಿಳಿದಿರಬೇಕು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಬಹಳ ಸಂತೋಷವಾಗಿತ್ತು. ಬೆಂಗಳೂರಿನ ಅಷ್ಟು ದೊಡ್ಡ ಮನುಷ್ಯ, ಅಂಥ ಮೇಲಿನ ಮನೆತನದವರು, ನನ್ನಷ್ಟೇ ಹೊಸಿಲಿನ ಹೊರಗೆ. ನನಗಿಂತ ಎರಡು ಮಾತು ಜಾಸ್ತಿ ಕೇಳಿಸಿಕೊಂಡು. ನನ್ನನ್ನಾದರೆ ಹೆಸರು ಹಿಡಿದು ಕರೆದು ನಾಡಿದ್ದು ಬಾ ಎಂದಿದ್ದರು. ಹಾಗಾದರೆ ಅದು ಹುಳದ್ದೇ, ನನ್ನದಲ್ಲ! ಸಮಾನತೆಯ ಬಗ್ಗೆ ಕಾಲೇಜಿನಲ್ಲಿ ಎಷ್ಟೋ ಭಾಷಣ ಕೇಳಿದ್ದೆ. ಕಣ್ಣಾರೆ ಕಂಡದ್ದು ಅವತ್ತು.

ನಾಡಿದ್ದಿನವರೆಗೆ ಕಾಯಲು ಸಮಯವಿರಲಿಲ್ಲ, ವರದಿ ನಾಳೆಗೆ ಬೇಕಿತ್ತು. ಪ್ರಭಾಕರ್ ಕಾರು ಹತ್ತುತ್ತಾ ಹೇಳಿದರು: "ಏನಾದ್ರೂ ಬರೀರಿ ಮಾರಾಯ್ರೇ. ಖಾಲಿ ಮಾತ್ರ ಬಿಡಬೇಡಿ."

ಅವತ್ತು ಮಧ್ಯಾಹ್ನ ಅರಳಿಕಟ್ಟೆಯ ಮೇಲೆ ಕೂತು ನಾನು ಮಾಡಿದ ಕೆಲಸವನ್ನು ಈಗಲೂ ಸಮರ್ಥಿಸಿಕೊಳ್ಳಬಲ್ಲೆ. ಹುಳದ ಮನೆಗಳ ಫಾರಂಗಳಲ್ಲಿ ಪಕ್ಷಗಳಿಗೆ ಗುರುತು ಹಾಕುವಂತಿಲ್ಲ, ಸುಳ್ಳಾಗುತ್ತದೆ. "ಹೇಳಲು ಇಷ್ಟವಿಲ್ಲ" ಎನ್ನುವಂತಿಲ್ಲ. ನಾನು ಕೇಳಿಯೇ ಇಲ್ಲ, ಅವರ ಇಷ್ಟ ನನಗೇನು ಗೊತ್ತು? ಖಾಲಿ ಬಿಡುವಂತಿಲ್ಲ. ಉಳಿದದ್ದು ಒಂದೇ ಸಾಲು. ಇತರೆ ಎಂಬುದರ ಮುಂದಿನ ಚುಕ್ಕಿಗೆರೆಯ ಮೇಲೆ, ದುಂಡಾದ ಅಕ್ಷರದಲ್ಲಿ, ಎಲ್ಲ ಫಾರಂಗಳಲ್ಲೂ "ಹುಳ ಇದೆ, ಮಾತಾಡಲಾಗಲಿಲ್ಲ" ಎಂದು ಬರೆದೆ. ಓದಿದವರಿಗೆ ಅರ್ಥವಾಗುತ್ತದೆ ಎಂಬ ಧೈರ್ಯ. ಓದುವವರು ಇರುತ್ತಾರೆ ಎಂದು ನಾನೇ ಊಹಿಸಿಕೊಂಡದ್ದು.

ಮುಂದಿನ ವಾರ ಇಲಿಯಾಸ್ ಪತ್ರಿಕೆ ಹಿಡಿದು ನಮ್ಮೂರಿಗೇ ಬಂದ. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಎಲ್ಲ ಕಡೆ ಎರಡೆರಡು ಕಂಬ. ಶಿಡ್ಲಘಟ್ಟದಲ್ಲಿ ಮಾತ್ರ ಮೂರು. ಮೂರನೆಯದು ಪಕ್ಕದ ಎರಡನ್ನೂ ಗುಬ್ಬಚ್ಚಿ ಮಾಡಿ ನಿಂತಿತ್ತು. ತಲೆಬರಹ: "ಶಿಡ್ಲಘಟ್ಟದಲ್ಲಿ ಪಕ್ಷೇತರ ಅಲೆ!" ನಾನು ಓದಿದೆ. ಮತ್ತೆ ಓದಿದೆ. ಇಲಿಯಾಸ್ ಹೇಳಿದ: "ಭಾಯ್, ನಿನ್ನ ಹುಳ ಗೆದ್ದುಬಿಡ್ತು."

ಅದೇ ದಿನ ಪ್ರಭಾಕರ್ ಅವರ ಕಾಗದವೂ ಬಂತು. ಸಂಪಾದಕರಿಗೆ ಬಹಳ ಸಂತೋಷವಾಗಿದೆ, ಬೇರೆ ಯಾರೂ ಕಂಡುಹಿಡಿಯದ ಅಲೆಯನ್ನು ನೀವು ಕಂಡುಹಿಡಿದಿದ್ದೀರಿ, ಫಲಿತಾಂಶಕ್ಕೂ ಕಾಯದೆ ನಿಮ್ಮ ಹೆಸರನ್ನು ಖಾಯಂ ಪಟ್ಟಿಯಲ್ಲಿ ಮೊದಲು ಸೇರಿಸಿದ್ದಾರೆ. ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಮೈಮೇಲಿನ ಟವಲಿನಿಂದ ಕೈ ಒರೆಸಿಕೊಂಡು ಕಾಗದವನ್ನು ಒಂದು ಸಲ ಮುಟ್ಟಿದ, ಅಷ್ಟೆ.

ಅಲೆ ಇದ್ದ ಮೇಲೆ ಅದರ ಮೇಲೆ ಒಬ್ಬ ಮನುಷ್ಯ ತೇಲಬೇಕಲ್ಲ. ನಮ್ಮ ತಾಲ್ಲೂಕಿನಲ್ಲಿ ಜನಕ್ಕೆ ಮುಖ ಪರಿಚಯ ಇದ್ದ ಪಕ್ಷೇತರ ಒಬ್ಬರೇ, ತಟ್ಟೆ ನಂಜುಂಡಪ್ಪ. ಪೇಟೆಯಲ್ಲಿ ಹುಳ ಸಾಕುವ ಬಿದಿರಿನ ತಟ್ಟೆ, ಚಂದ್ರಿಕೆ ಮಾರುವ ಅಂಗಡಿ ಅವರದು. ಅಂಗಡಿಯ ಮುಂದೆ ಬಸ್ ನಿಲ್ಲಿಸಿಕೊಡಿ ಎಂದು ಇದ್ದ ಶಾಸಕರಿಗೆ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ, ಸಿಟ್ಟಿಗೆ ನಿಂತಿದ್ದರು. ಗುರುತು ಹೊಲಿಗೆ ಯಂತ್ರ. ಆ ಸಿಟ್ಟು ಇಳಿದು, ಮನೆಯವರೂ ತಮ್ಮನೂ ಸೇರಿ ಒಪ್ಪಿಸಿ, ಇನ್ನೇನು ಯಾರಿಗಾದರೂ ಬೆಂಬಲ ಘೋಷಿಸಿ ಮನೆಯಲ್ಲಿ ಕೂರುತ್ತೇನೆ ಎಂಬಲ್ಲಿಗೆ ಬಂದಿದ್ದರು. ಅಷ್ಟರಲ್ಲಿ ಪತ್ರಿಕೆ ಬಂತು. ಮರುದಿನ ಅವರ ಅಂಗಡಿಯ ಮುಂದೆ ಮೈಕು ಕಟ್ಟಿದ ಜೀಪು ನಿಂತಿತ್ತು.

ಎರಡು ದಿನ ನಾನು ಮನೆಯಿಂದ ಹೊರಗೆ ಹೋಗಲಿಲ್ಲ. ಒಂದು ಕಡೆ ಖಾಯಂ ಕಾಗದ. ಇನ್ನೊಂದು ಕಡೆ ಊರೂರಿನಲ್ಲಿ ಕೂಗಿಕೊಂಡು ಹೋಗುತ್ತಿದ್ದ ಜೀಪು. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಬರುತ್ತದೆ. ಮೂರು ವರ್ಷ ಅಪ್ಪನ ಕೂಲಿಯ ಅನ್ನ ತಿಂದವನಿಗೆ ಅದು ಸಣ್ಣ ವಿಷಯವಲ್ಲ. ಆದರೆ ಆ ಮನುಷ್ಯ ಅಂಗಡಿ ಬಿಟ್ಟು ಬಿಸಿಲಲ್ಲಿ ಅಲೆಯುತ್ತಿರುವುದು ನನ್ನ ದುಂಡಾದ ಅಕ್ಷರಗಳನ್ನು ನಂಬಿ. ಮೂರನೆಯ ದಿನ ಎದ್ದು ಪೇಟೆಗೆ ಹೋದೆ. ನಂಜುಂಡಪ್ಪ ತಟ್ಟೆಗಳ ರಾಶಿಯ ನಡುವೆ ಹಾರ ಹಾಕಿಕೊಂಡೇ ಕೂತಿದ್ದರು. ಪಕ್ಕದಲ್ಲಿ ಅವರ ತಮ್ಮ.

"ಅಣ್ಣ, ನಾನು ಮುನಿರಾಜು. ಪತ್ರಿಕೆಯವರ ಸರ್ವೆ ಮಾಡಿದ್ದು ನಾನೇ."

"ಏಮಪ್ಪಾ, ನೀನೇನಾ? ಬಾ ಬಾ, ಕೂತ್ಕೊ. ಲೋ, ಕಾಫಿ ಹೇಳೋ."

"ಕಾಫಿ ಬೇಡಣ್ಣ. ಒಂದು ವಿಷಯ ಹೇಳಬೇಕು. ಪತ್ರಿಕೇಲಿ ಇತರೆ ಅಂತ ಬಂದಿರೋದು ನಿಮಗೆ ಬಿದ್ದ ಓಟಲ್ಲ. ಅವೆಲ್ಲ ಹುಳ ಇದ್ದ ಮನೆಗಳು."

ನಂಜುಂಡಪ್ಪ ಮುಂದಕ್ಕೆ ಬಾಗಿದರು. "ಹುಳ ಇದ್ದ ಮನೆಗಳಾ?"

"ಹೂಂ ಅಣ್ಣ."

"ಎಲ್ಲಾನೂವಾ?"

"ಎಲ್ಲಾನೂ. ಒಂದು ಬಿಡದ ಹಾಗೆ."

ಅವರ ಮುಖ ಬೀಳುತ್ತದೆಂದು ನಾನು ಕಾಯುತ್ತಿದ್ದೆ. ಅವರು ತಮ್ಮನ ಕಡೆ ತಿರುಗಿದರು. ಕಣ್ಣಲ್ಲಿ ನೀರು ಬಂದಿತ್ತು. "ಕೇಳಿದ್ಯೇನೋ? ನಾ ಏನ್ ಹೇಳಿದ್ದೆ? ಹುಳದೋರು ಕೈ ಬಿಡಲ್ಲ ಅಂತ ಹೇಳಿರ್ಲಿಲ್ವಾ? ಇಪ್ಪತ್ತು ವರ್ಷದಿಂದ ನನ್ ತಟ್ಟೆ ಮೇಲೆ ಹುಳ ಮೇಯಿಸ್ಕೊಂಡು ಬಂದವ್ರೆ. ಆ ಋಣ ಎಲ್ಲಿಗೆ ಹೋಗ್ತದೆ?"

"ಅಲ್ಲಣ್ಣ, ಅವರು ಬಾಗಿಲೇ ತೆಗೀಲಿಲ್ಲ. ಏನೂ ಹೇಳಲಿಲ್ಲ."

"ಹೇಳಲ್ಲ ಕಣಪ್ಪ. ಹೇಳೋರು ಓಟು ಹಾಕಲ್ಲ, ಓಟು ಹಾಕೋರು ಹೇಳಲ್ಲ. ನಿಂಗಿನ್ನೂ ಚಿಕ್ಕ ವಯಸ್ಸು. ಏನು ಓದಿದ್ದೀಯ?"

"ಬಿ.ಎ." ಎಂದೆ. ಈ ಪ್ರಶ್ನೆ ಯಾರು ಯಾವಾಗ ಕೇಳಿದರೂ ಉತ್ತರ ತಾನಾಗಿಯೇ ಬಂದುಬಿಡುತ್ತದೆ. ಅವತ್ತಾದರೂ ತಡೆದುಕೊಳ್ಳಬೇಕಿತ್ತು.

ಎರಡೇ ದಿನದಲ್ಲಿ ತಾಲ್ಲೂಕಿನ ತುಂಬ ಗುಲಾಬಿ ಬಣ್ಣದ ಕರಪತ್ರ ಹಾರಾಡಿತು. ಮೇಲೆ ಹೊಲಿಗೆ ಯಂತ್ರ, ಕೆಳಗೆ ದಪ್ಪ ಅಕ್ಷರ: "ಸಮೀಕ್ಷೆ ನಡೆಸಿದ ಪದವೀಧರರಾದ ಶ್ರೀ ಮುನಿರಾಜು, ಬಿ.ಎ. ಅವರೇ ಸ್ವತಃ ನಮ್ಮ ಅಂಗಡಿಗೆ ಬಂದು, ಹುಳದ ಮನೆಗಳು ಒಂದು ಬಿಡದ ಹಾಗೆ ನಂಜುಂಡಪ್ಪನವರ ಕಡೆ ಇವೆಯೆಂದು ತಿಳಿಸಿರುತ್ತಾರೆ." ನನ್ನ ಹೆಸರಿನ ಮುಂದೆ ಬಿ.ಎ. ಎಂಬುದು ಅಚ್ಚಿನಲ್ಲಿ ಬಂದದ್ದು ಅದೇ ಮೊದಲು. ಖಾಯಂ ಕೆಲಸ ಹೋಯಿತೆಂದು ಓದುವಾಗಲೇ ಗೊತ್ತಾಯಿತು, ಅದರ ಜೊತೆಗೇ ಅಕ್ಷರ ಚೆನ್ನಾಗಿ ಮೂಡಿದೆ ಎಂದೂ ಅನ್ನಿಸಿತು.

ಬೆಂಗಳೂರಿನಿಂದ ಕರೆ ಬಂತು. ಪ್ರಭಾಕರ್ ಅವರ ಮೇಜಿನ ಮೇಲೆ ಗುಲಾಬಿ ಕಾಗದ.

"ನೀವು ಒಬ್ಬ ಅಭ್ಯರ್ಥಿಯ ಪರ ಪ್ರಚಾರಕ್ಕೆ ಇಳಿದಿದ್ದೀರಿ."

"ಇಲ್ಲ ಸಾರ್. ಅಲೆ ಇಲ್ಲ ಅಂತ ಹೇಳೋದಕ್ಕೆ ಹೋಗಿದ್ದೆ." ಹುಳದ ವಿಷಯವನ್ನೆಲ್ಲ ಮೊದಲಿನಿಂದ ಹೇಳಿದೆ. ಗೌರಮ್ಮನವರ ಬಾಗಿಲನ್ನು ನೆನಪಿಸಿದೆ. ಅವರಿಗೆ ಆ ನೆನಪು ಬೇಕಾಗಿರಲಿಲ್ಲ.

"ಇದನ್ನ ಮೊದಲೇ ತಿಳಿಸಬೇಕಿತ್ತು."

"ತಿಳಿಸಿದ್ದೆ ಸಾರ್. ಪ್ರತಿ ಫಾರಂನಲ್ಲೂ ಬರೆದಿದ್ದೆ."

"ಫಾರಂ ಯಾರು ಓದ್ತಾರೆ ರೀ?" ಎಂದರು. ಸಿಟ್ಟಿನಿಂದಲ್ಲ, ಗೊತ್ತಿಲ್ಲದವನಿಗೆ ಹೇಳಿಕೊಡುವ ಹಾಗೆ. "ಎಣಿಸ್ತಾರೆ."

ಖಾಯಂ ಪಟ್ಟಿಯಿಂದ ನನ್ನ ಹೆಸರು ಹೋಯಿತು. ಊರಿಗೆ ಬಂದು ಅಪ್ಪನಿಗೆ ಹೇಳಿದೆ. "ಹುಳ ಇರೋ ಮನೆಗೆ ಹೋಗಬಾರ್ದು ಅಂತ ನಿಂಗೆ ಗೊತ್ತಿರ್ಲಿಲ್ವೇನಪ್ಪ, ಅಷ್ಟು ಓದಿ?" ಎಂದ. ನಾನು ಒಳಗೆ ಹೋದೆ. ಬಟ್ಟೆ ತೂಗುಹಾಕುವ ಮೊಳೆಯ ಪಕ್ಕದಲ್ಲಿ ಗುಲಾಬಿ ಕರಪತ್ರವನ್ನು ಗಂಜಿ ಹಾಕಿ ಅಂಟಿಸಿತ್ತು. ಅಪ್ಪನಿಗೆ ಓದಲು ಬರುವುದಿಲ್ಲ. ಆದರೆ ಅದರಲ್ಲಿ ನನ್ನ ಹೆಸರು ಎಲ್ಲಿದೆ ಎಂದು ಇಲಿಯಾಸನ ಕೈಲಿ ಕೇಳಿ ತಿಳಿದುಕೊಂಡು, ಆ ಜಾಗಕ್ಕೆ ಗಂಜಿ ತಾಗದ ಹಾಗೆ ಅಂಟಿಸಿದ್ದ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಗೆದ್ದವರು ಎರಡು ಪಕ್ಷಗಳಲ್ಲಿ ಒಬ್ಬರು. ಯಾರೆಂಬುದು ಇಲ್ಲಿ ಮುಖ್ಯವಲ್ಲ, ಬಸ್ಸು ಈಗಲೂ ಆ ಅಂಗಡಿಯ ಮುಂದೆ ನಿಲ್ಲುವುದಿಲ್ಲ. ನಂಜುಂಡಪ್ಪನವರ ಠೇವಣಿ ಉಳಿಯಲಿಲ್ಲ. ಆ ವರ್ಷ ಗೂಡಿಗೆ ಒಳ್ಳೆಯ ಬೆಲೆ ಸಿಕ್ಕಿ ಹುಳದ ಮನೆಯವರು ಖುಷಿಯಾಗಿದ್ದರು, ಖುಷಿಯಲ್ಲಿ ಇದ್ದವರು ಸಿಟ್ಟಿಗೆ ನಿಂತವರಿಗೆ ಓಟು ಹಾಕುವುದಿಲ್ಲ. ನಂಜುಂಡಪ್ಪ ಮಾತ್ರ ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ. ದಾರಿಯಲ್ಲಿ ಸಿಕ್ಕಾಗ, "ನೀನು ಸರಿಯಾಗೇ ಹೇಳಿದ್ದೆ ಕಣಪ್ಪ, ಕೊನೇ ದಿನ ಜನ ತಿರುಗಿಬಿಟ್ರು" ಎಂದರು. ಖಾಯಂ ಆದವರಲ್ಲಿ ಒಬ್ಬನ ವಿಷಯವನ್ನು ಇಲಿಯಾಸ್ ಆಮೇಲೆ ಹೇಳಿದ. ಆ ಪುಣ್ಯಾತ್ಮ ಒಂದು ಹಳ್ಳಿಗೂ ಹೋಗಿರಲಿಲ್ಲವಂತೆ. ಹೋಟೆಲಿನ ಮೂಲೆಯ ಮೇಜಿನಲ್ಲಿ ಕೂತು ತನಗೆ ತೋಚಿದ ಹಾಗೆ ಎಲ್ಲ ಫಾರಂ ತುಂಬಿದ್ದನಂತೆ. ಫಲಿತಾಂಶಕ್ಕೆ ಕೂದಲೆಳೆಯಷ್ಟು ಹತ್ತಿರ. ನನಗೆ ಆಮೇಲೆ ಬೇರೆ ಕಡೆ ಗುಮಾಸ್ತೆ ಕೆಲಸ ಸಿಕ್ಕಿತು. ಅಲ್ಲಿ ಯಾರೂ ಯಾರ ಅಭಿಪ್ರಾಯವನ್ನೂ ಕೇಳುವುದಿಲ್ಲ. ಆರಾಮಾಗಿದ್ದೇನೆ.

ಇಷ್ಟು ಹೇಳಿದ ಮೇಲೆ ಮತದಾನದ ದಿನದ ಒಂದು ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. ಅವತ್ತು ನಮ್ಮೂರ ಶಾಲೆಯ ಬೂತಿನಲ್ಲಿ ರಟ್ಟಿನ ಮರೆಯ ಹಿಂದೆ ನಿಂತು, ಮುದ್ರೆಯನ್ನು ಕೈಯಲ್ಲಿ ಹಿಡಿದು, ಚೀಟಿಯನ್ನು ಮೇಲಿನಿಂದ ಕೆಳಕ್ಕೆ ನೋಡಿದೆ. ನಾನು ಯಾರಿಗೆ ಹಾಕುವುದೆಂದು ತಿಂಗಳ ಹಿಂದೆಯೇ ತೀರ್ಮಾನಿಸಿದ್ದೆ. ಚೀಟಿಯ ಕೊನೆಯಲ್ಲಿ ಹೊಲಿಗೆ ಯಂತ್ರ ಕಂಡಿತು. ಬಿಸಿಲು, ಜೀಪು, ಹಾರ ಹಾಕಿಕೊಂಡು ಕೂತಿದ್ದ ಆ ಮನುಷ್ಯ ನೆನಪಿಗೆ ಬಂದರು. ಮುದ್ರೆ ಅಲ್ಲಿಗೇ ಬಿತ್ತು. ನಾನೇ ಎಬ್ಬಿಸಿದ ಅಲೆಯಲ್ಲಿ ಕೊಚ್ಚಿಹೋದವನು ನಾನೊಬ್ಬನೇ ಎಂದುಕೊಂಡು ಹೊರಗೆ ಬಂದೆ.

ಅಪ್ಪ ನನಗಿಂತ ಮೊದಲೇ ಹಾಕಿ ಬಂದು ಹುಣಸೆಮರದ ನೆರಳಲ್ಲಿ ಕಾಯುತ್ತಿದ್ದ. ಹುಟ್ಟಿದಾಗಿನಿಂದ ಒಂದೇ ಪಕ್ಷಕ್ಕೆ ಹಾಕಿಕೊಂಡು ಬಂದವನು ಅವನು. "ಯಾವುದಕ್ಕೆ ಒತ್ತಿದ್ಯೋ?" ಎಂದು ಕೇಳಿದ. ನಾನು ಆ ಪಕ್ಷದ ಹೆಸರು ಹೇಳಿದೆ.

"ನಾನೂ ಅದಕ್ಕೇ" ಎಂದ ಅಪ್ಪ.

ಮುನ್ನೂರು ಬಾಗಿಲಲ್ಲಿ ನಿಂತು ನಾನು ಕಲಿತ ವಿದ್ಯೆ ಒಂದೇ. ನಿಜ ಹೇಳುವವರು ಕೇಳಿದವನ ಮುಖ ನೋಡುತ್ತಾರೆ, ಸುಮ್ಮನೆ ಹೇಳುವವರು ರಸ್ತೆ ನೋಡುತ್ತಾರೆ. ಅಪ್ಪ ರಸ್ತೆಯ ಕಡೆ ನೋಡುತ್ತಿದ್ದ. ಅದು ನನಗೆ ಕಾಣಲೇಬಾರದಿತ್ತು. ಯಾಕೆಂದರೆ ನಾನೂ ಅವನ ಪಕ್ಕದಲ್ಲಿ ನಿಂತು ಅದೇ ರಸ್ತೆಯನ್ನು ನೋಡುತ್ತಿದ್ದೆ.